ಇನ್ನೊಂದು ವರ್ಷ

“ಕೈ ಕೊಡಮ್ಮ. ನಿಮ್ಮೆಜಮಾನ್ರು ಬೆಳಿಗ್ಗೆ ಬಂದೋರೇ ಕಟ್ಟಿಸ್ಕೊಂಡಾಯ್ತು,” ಎಂದರು ಹೆಂಗಸರ ಮನೆ ನೋಡಿಕೊಳ್ಳುವ ದೊಡ್ಡಮ್ಮ.

ಅನಸೂಯಾಳ ಕೈ ಸೆರಗಿನೊಳಗಿಂದ ಈಚೆ ಬರಲಿಲ್ಲ. ದೊಡ್ಡಮ್ಮನ ಬೆರಳಿನಿಂದ ಅರಿಸಿನದ ದಾರ ಒದ್ದೆಯಾಗಿ ಇಳಿಬಿದ್ದಿತ್ತು. ಅದನ್ನು ಬಲಗೈಗೆ ಕಟ್ಟಿಸಿಕೊಂಡರೆ ಮುಂದಿನ ಆಷಾಢದ ಹುಣ್ಣಿಮೆಯವರೆಗೆ, ಅಂದರೆ ಅರವತ್ತನೇ ಇಸವಿಯವರೆಗೆ, ಗಂಡ ಹೆಂಡತಿ ಬೇರೆ ಬೇರೆ. ಹೆಂಗಸರು ಮದರಾಸಿನ ಅಡ್ಯಾರಿನಲ್ಲಿ ಸ್ವಾಮಿಗಳ ಮಂಡಲಿಯ ಈ ಮನೆಯಲ್ಲಿ, ಗಂಡಸರು ಎಣ್ಣೂರಿನ ಮನೆಯಲ್ಲಿ.

“ಅವರೇ ಕೇಳಿದ್ರಾ, ದೊಡ್ಡಮ್ಮ?”

“ಮತ್ತೆ? ಸ್ವಾಮಿಗಳೇನು ಯಾರನ್ನಾದ್ರೂ ಬಲವಂತ ಮಾಡ್ತಾರಾ? ‘ಇನ್ನೊಂದು ವರ್ಷ ವ್ರತ ಕೊಡಿ’ ಅಂತ ಕಾಲು ಹಿಡಿದ್ರಂತೆ. ಅಷ್ಟು ಮೇಲಕ್ಕೆ ಹತ್ತಿರೋರನ್ನ ನೀನು ಕೆಳಕ್ಕೆ ಎಳೀತೀಯೇನು?”

ಒಬ್ಬರು ವ್ರತ ಕೇಳಿದರೆ ಇನ್ನೊಬ್ಬರು ಒಲ್ಲೆನೆನ್ನಬಾರದು. ನಿಜವಾಗಿ ಕೇಳಿದೆಯಾ ಎಂದು ಒಬ್ಬರನ್ನೊಬ್ಬರು ವಿಚಾರಿಸುವುದು ಮೋಹ. ಕಾಗದ ಬರೆಯುವುದೂ ಮೋಹ. ಎಂಟು ತಿಂಗಳ ಮಗುವನ್ನು ಕಳೆದುಕೊಂಡು ಇಬ್ಬರೂ ಸಮಾಧಾನ ಹುಡುಕಿ ಇಲ್ಲಿಗೆ ಬಂದಾಗ ಸ್ವಾಮಿಗಳು ಒಂದೇ ವರ್ಷ ಎಂದಿದ್ದರು. ಈಗ ಮೂರು ಮುಗಿದಿದ್ದವು. ಪ್ರತಿ ಸಲ ವರ್ಷ ಮುಗಿದಾಗಲೂ ಗಂಡ ಕಮಲಾಕರನೇ ಇನ್ನೊಂದು ಕೇಳಿದನಂತೆ. ಈ ಸಲವಾದರೂ ಸಾಕು ಎಂದಾನು ಎಂದು ಅವಳು ಹಿಂದಿನ ದಿನವೇ ತನ್ನ ಎರಡು ಸೀರೆಗಳನ್ನು ಒಗೆದು ಮಡಿಸಿಟ್ಟಿದ್ದಳು.

ಕೈ ಚಾಚಿದಳು. ದೊಡ್ಡಮ್ಮ ಮೂರು ಗಂಟು ಹಾಕಿದರು.

ಹಬ್ಬದ ಊಟಕ್ಕೆ ಎಣ್ಣೂರಿನ ಗಂಡಸರು ಹಜಾರದಲ್ಲಿ ಎಲೆಯ ಮುಂದೆ ಕೂತಾಗಿತ್ತು. ಗಂಡ ಕೂತ ಪಂಕ್ತಿಗೆ ಹೆಂಡತಿ ಬಡಿಸುವಂತಿರಲಿಲ್ಲ. ಆದರೆ ಅಡಿಗೆಮನೆಯ ಬಾಗಿಲಲ್ಲಿ ಗೋದಾಬಾಯಿ ಮಜ್ಜಿಗೆಯ ಬಕೆಟ್ಟು ಕೆಳಗಿಟ್ಟು ಸೊಂಟ ಹಿಡಿದುಕೊಂಡಳು. “ಅಯ್ಯೋ, ನನ್ನ ಕೈಲಾಗಲ್ಲ ಕಣೇ. ನೀನೇ ತಗೊಂಡು ಹೋಗು.”

“ನನ್ನ ಕೈಗೆ ಕೊಡ್ತೀಯಾ? ದೊಡ್ಡಮ್ಮ ನೋಡಿದ್ರೆ?”

“ಸೊಂಟ ಉಳುಕಿತು ಅಂತೀನಿ. ಮೂವತ್ತು ವರ್ಷ ನಮ್ಮತ್ತೆಗೆ ಅದನ್ನೇ ಹೇಳ್ಕೊಂಡು ಬಂದಿದೀನಿ, ಬಾಯಿಪಾಠ ಆಗಿದೆ. ಹೋಗೇ, ನೋಡ್ಕೊಂಡಾದ್ರೂ ಬಾ.”

ಮೌನದ ಊಟ. ಎಲೆಗೆ ಬೆರಳು ತಾಗುವ ಸದ್ದು, ಕಿಟಕಿಯಾಚೆ ಸರ್ವೆ ಮರಗಳಲ್ಲಿ ಸಮುದ್ರದ ಗಾಳಿ. ಅನಸೂಯಾ ತಲೆ ಬಗ್ಗಿಸಿ ಒಂದೊಂದೇ ಎಲೆ ದಾಟಿದಳು. ಏಳನೆಯ ಎಲೆಯ ಬಳಿ ಬಂದಾಗ ಮುಖ ನೋಡುವ ಧೈರ್ಯವಾಗಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ತೋರುಬೆರಳಿನ ಮೇಲೆ ರೈಲ್ವೆ ಕಚೇರಿಯ ನೇರಳೆ ಮಸಿಯ ಕಲೆ. ತಿರುವಲ್ಲಿಕ್ಕೇಣಿಯಲ್ಲಿ ತಾವಿದ್ದ ಒಂದೇ ಕೋಣೆಯ ಮನೆಯಲ್ಲಿ ಆ ಬೆರಳಿಗೆ ಎಷ್ಟು ಸಲ ನಿಂಬೆಹೋಳು ಉಜ್ಜಿದ್ದಳೋ.

ಅವನು ಅಂಗೈ ಗುಳಿ ಮಾಡಿ ಹಿಡಿದ. ಒಂದು ಸೌಟು ಹಾಕಿದಳು. ಕುಡಿದು ಮತ್ತೆ ಹಿಡಿದ. ಮತ್ತೆ ಹಾಕಿದಳು. ಮನೆಯಲ್ಲಿ ಮಜ್ಜಿಗೆ ಎಂದರೆ ಮುಖ ಹಿಂಡುತ್ತಿದ್ದವನು ಮೂರನೆಯ ಸಲವೂ ಕೈ ಹಿಡಿದ. ಮುಂದೆ ಹೋಗಬೇಡವೆಂದು ಅದರ ಅರ್ಥ. ಇಷ್ಟು ಹತ್ತಿರ ನಿಲ್ಲಿಸಿಕೊಳ್ಳುವ ಆಸೆ ಇರುವವನು ಇನ್ನೊಂದು ವರ್ಷ ಯಾಕೆ ಕೇಳಿದ?

ಆಗ ಅವಳ ಕಣ್ಣು ಅವನ ಮಣಿಕಟ್ಟಿಗೆ ಬಿತ್ತು. ಹಳೆಯ ಮೂರು ಮಾಸಿದ ದಾರಗಳಷ್ಟೇ ಇದ್ದವು. ಹೊಸದು ಮೇಲಕ್ಕೆ ಸರಿದಿರಬೇಕೆಂದುಕೊಂಡಳು. ಮೊಣಕೈವರೆಗೂ ನೋಡಿದಳು. ಇರಲಿಲ್ಲ.

ಅವನೂ ಅವಳ ಕೈಯನ್ನೇ ನೋಡುತ್ತಿದ್ದ. ಅರಿಸಿನ ಇನ್ನೂ ಆರಿರಲಿಲ್ಲ.

“ಕಟ್ಟಿಸ್ಕೊಂಡೇಬಿಟ್ಯಾ?” ತುಟಿ ಅಲುಗಿತೋ ಇಲ್ಲವೋ ಎನ್ನುವಂತೆ ಕೇಳಿದ. “ನೀನೇ ಬೇಡ್ಕೊಂಡೆ ಅಂತ ಸ್ವಾಮಿಗಳು ಅಂದ್ರು. ಊಟ ಆದ ಮೇಲೆ ನಂಗೂ ಕಟ್ತಾರಂತೆ. ನಾನು... ತಿರುವಲ್ಲಿಕ್ಕೇಣಿಯ ಆ ಮನೆ ಮತ್ತೆ ಖಾಲಿ ಆಗಿದೆ ಅನಸೂಯಾ. ವಿಚಾರಿಸ್ಕೊಂಡು ಬಂದಿದ್ದೆ.”

“ಅನಸೂಯಾ!” ಹಜಾರದ ಬಾಗಿಲಿಂದ ದೊಡ್ಡಮ್ಮನ ದನಿ ಬಂತು. “ಮಜ್ಜಿಗೆ ಮುಂದಕ್ಕೆ ಹೋಗ್ಲಿ.”

ಮೂರು ವರ್ಷ ಆ ದನಿಗೆ ಒಗ್ಗಿದ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲೇ ನಿಂತಳು. ಬಕೆಟ್ಟು ಕೆಳಗಿಟ್ಟಳು.

“ನಾನು ಕೇಳ್ಲಿಲ್ಲ ರೀ,” ಎಂದಳು. ಮೆಲ್ಲಗೆ ಹೇಳಬೇಕೆಂದಿದ್ದಳು; ಇಷ್ಟು ದಿನ ಗಂಟಲಲ್ಲೇ ಉಳಿದಿದ್ದ ಮಾತು ಹಜಾರದ ಗೋಡೆಗೆ ಹೋಗಿ ಬಡಿಯಿತು. “ಒಂದು ವರ್ಷನೂ ಕೇಳ್ಲಿಲ್ಲ. ನೀವು ಕೇಳಿದ್ರಿ ಅಂದ್ರು.”

ಕಮಲಾಕರ ಎಂಜಲು ಕೈಯಲ್ಲೇ ಎದ್ದು ನಿಂತ. ಪಂಕ್ತಿಯಲ್ಲಿ ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ದೊಡ್ಡಮ್ಮ ಸ್ವಾಮಿಗಳ ಕೋಣೆಯ ಕಡೆಗೆ ಬಿರಬಿರನೆ ನಡೆದರು.

ಎಂಟನೆಯ ಎಲೆಯ ಮುಂದೆ ಕೂತಿದ್ದವರು ಮುದುಕ ಶಂಕರನಾರಾಯಣ. ಅವರ ಬಲಗೈಯಲ್ಲಿ ಮಾಸಿದ ಹನ್ನೊಂದು ದಾರಗಳಿದ್ದವು. ಅವರ ಹೆಂಡತಿ ಸುಗುಣಾ ಹೋದ ಮಾಘದಲ್ಲಿ ಕಣ್ಣು ಮುಚ್ಚುವವರೆಗೂ ಈ ಮನೆಯಲ್ಲಿ ಅನಸೂಯಾಳ ಪಕ್ಕದ ಚಾಪೆಯಲ್ಲೇ ಮಲಗುತ್ತಿದ್ದಳು.

ಮುದುಕರು ಕಲಸಿದ ಅನ್ನವನ್ನು ಎಲೆಗೇ ಬಿಟ್ಟು ಅನಸೂಯಾಳತ್ತ ಮುಖವೆತ್ತಿದರು.

“ಹಾಗಾದ್ರೆ ನಮ್ಮ ಸುಗುಣಾನೂ ಕೇಳಿರ್ಲಿಲ್ವೇನಮ್ಮಾ?”