ಎಣ್ಣೆ ಕುಡಿದ ಬ್ರೇಕ್

ಮಾಮ ತೀರಿಕೊಂಡದ್ದು ಅತಿವೇಗದಿಂದ ಎಂದು ಎಲ್ಲರೂ ಹೇಳುತ್ತಾರೆ. ವೇಗವಾಗಿ ಹೋದವರೆಲ್ಲ ಸಾಯುವುದಿಲ್ಲವಲ್ಲ! ಈಗಲೂ ಪೆಟ್ರೋಲ್ ವಾಸನೆ ಬಂದರೆ ಗಲ್ಫಿನ ಉಮ್ಮ್ ಸಲಾಲ್‌ನ ನಮ್ಮ ಶೆಡ್ಡಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಎರಡು ತಿಂಗಳು ಬಿಚ್ಚಿ ಜೋಡಿಸಿದ ಹಳೇ ಬೈಕಿನ ಇಂಜಿನ್ ಅಂದು ಸ್ಟಾರ್ಟ್ ಆಗಿತ್ತು. ಎಣ್ಣೆ ಕುಡಿದು ಕಪ್ಪಾಗಿದ್ದ ಬ್ರೇಕ್ ಶೂಗಳನ್ನು ಅಪ್ಪ ಪೆಟ್ರೋಲಿನಲ್ಲಿ ತೊಳೆದು, ಉಜ್ಜಿ, ಮತ್ತೆ ಕೂರಿಸಿದರು.

"ಭಾವ, ಬಿಸಿಯಾದರೆ ಎಣ್ಣೆ ಪುನಃ ಹೊರಗೆ ಬಂದು ಬ್ರೇಕ್ ಜಾರ್ತದೆ. ಶುಕ್ರವಾರ ಊರಿಂದ ಬರುವವರು ಹೊಸದು ತರ್ತಾರಲ್ಲ," ಎಂದರು ಮಾಮ.

"ಹೆದರಿಕೆಯಾ ಮಾರಾಯ? ಯಲ್ಲಾ, ಹೊರಡು, ಒಂದು ರೌಂಡ್ ಹೋಗಿ ಬಾ!" ಎಂದರು ಅಪ್ಪ.

ಮೊದಲ ರೌಂಡಿನಲ್ಲಿ ಬ್ರೇಕ್ ಹಿಡಿಯಿತು. ಅಪ್ಪ ಗೆದ್ದವರಂತೆ ನಕ್ಕು, ದೊಡ್ಡ ರಸ್ತೆಯ ಕಡೆಗೆ ಕೈ ತೋರಿಸಿದರು. ಮಾಮ ನಗದೆ ಹೊರಟರು, ಮರಳಲಿಲ್ಲ.

ಅಪ್ಪ, ಬ್ರೇಕಿನ ಬಗ್ಗೆ ಮಾಮ ಹೇಳಿದ್ದ ಆ ಮಾತನ್ನು ಅವರ ಅಕ್ಕನಾದ ಅಮ್ಮನಿಗೆ ನೀವು ಇಂದಿನವರೆಗೂ ಯಾಕೆ ತಿಳಿಸಿಲ್ಲ?