ತೆಳು ಅಡಿಯ ಬೂಟು

ಗಂಗೊಳ್ಳಿಯ ಸಮುದ್ರ ಹೆಪ್ಪುಗಟ್ಟಿದ ಮೇಲೆ, ಮಂಜುಗಡ್ಡೆ ಕೊರೆದು ಮೀನು ಹಿಡಿಯುವವರೆಲ್ಲ ದಪ್ಪ ಅಡಿಯ ಬೂಟನ್ನೇ ಕೊಳ್ಳುತ್ತಾರೆ. ಕಾಲಿನ ಬಿಸಿ ಕೆಳಗಿಳಿದರೆ, ಮುಳುಗಿ ಸತ್ತವರು ಅದನ್ನು ಹುಡುಕಿಕೊಂಡು ಬಂದು ಮಂಜುಗಡ್ಡೆಯ ಕೆಳಗಿನಿಂದ ನಮ್ಮ ಅಂಗಾಲಿಗೆ ಅಂಗಾಲು ಕೊಟ್ಟು ನಿಲ್ಲುತ್ತಾರೆ.

ಅಂಗಡಿಯಲ್ಲಿ ರುಕ್ಕು ಚಿಕ್ಕಿ ನನಗೆ ಉಣ್ಣೆಯ ಕಾಲುಚೀಲ, ಉದ್ದ ಕೋಟು ಆರಿಸಿದಳು. ನಾನು ತೆಳು ಅಡಿಯ ಬೂಟು ಎತ್ತಿಕೊಂಡೆ.

“ಅದ್ ಬ್ಯಾಡ ಹೆಣ್ಣೇ, ಅವ್ರ್ ಬತ್ರ್.”

“ಅಮ್ಮನೂ ಬತ್ಲಾ, ಚಿಕ್ಕಿ?”

ಹೋದ ವರ್ಷ ಮಂಜುಗಡ್ಡೆ ಒಡೆದು ಮುಳುಗಿದ ಅಮ್ಮ ಅವಳ ಅಕ್ಕ. ಚಿಕ್ಕಿ ಕುಕ್ಕರಿಸಿ ನನ್ನ ಕಾಲಿಗೆ ಆ ಬೂಟು ತೊಡಿಸಿ ಲೇಸು ಕಟ್ಟಿದಳು.

ಮರುದಿನ ಬೆಳಿಗ್ಗೆ ಮಂಜುಗಡ್ಡೆ ಕೊರೆದು ಗಾಳ ಇಳಿಬಿಟ್ಟು ನಿಂತೆ. ಸ್ವಲ್ಪ ಹೊತ್ತಿಗೆ ಎಡಗಾಲಿನ ಕೆಳಗೆ ಒಂದು ಅಂಗಾಲು ಬಂದು ಒತ್ತಿತು. ಅಮ್ಮನ ಪಾದ ನನ್ನದಕ್ಕಿಂತ ದೊಡ್ಡದು. ಇದು ನನ್ನ ಅಂಗೈಯಷ್ಟೂ ಇರಲಿಲ್ಲ. ಚಳಿಗೆ ನಡುಗುತ್ತಿತ್ತು.

ನಾನು ಕಾಲು ಎತ್ತಲಿಲ್ಲ.