ಯಾರ ಹಂಗೂ ಇಲ್ಲ

"ಮಗನ ಹಂಗಿನಾಗಿದ್ದೆ ಅಂತ ನಾನ್ಯಾಕ ಹೇಳ್ಲಿ?" ಪಾಲಯ್ಯ ಮೇಜು ಗುದ್ದಿದ.

ಕೆ.ಬಿ. ಬಡಾವಣೆಯ ತನ್ನ ಆಫೀಸಿನಲ್ಲಿ ವಕೀಲೆ ಸುಧಾ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಹರಿಹರದ ಸೇತುವೆಯ ಬಳಿ ಲಾರಿ ಹಾಯ್ದು ಸತ್ತ ಅವನ ಮಗ ಗಣೇಶನನ್ನೇ ನಂಬಿಕೊಂಡಿದ್ದವರು ಯಾರೆಂದು, ಪರಿಹಾರದ ಕೇಸಿಗಾಗಿ ಬೆಳಗಿನಿಂದ ಕೇಳುತ್ತಲೇ ಇದ್ದಳು.

"ಯಜಮಾನ್ರೇ, ಮಗನೇ ನಿಮ್ಮನ್ನ ನೋಡ್ಕಂತಿದ್ದ ಅಂತ ಬರೀಲಿಲ್ಲಾಂದ್ರೆ ಕೇಸು ನಿಲ್ಲಲ್ರಿ."

"ಬ್ಯಾಡ ಬಿಡ್ರಿ. ಲೋಕಿಕೆರೆಯಾಗ ಯಾರನ್ನಾದ್ರೂ ಕೇಳ್ರಿ, ಈ ಪಾಲಯ್ಯ ಯಾರ ಹಂಗಿನಾಗೂ ಇದ್ದೋನಲ್ಲ!"

"ನಿಮ್ಮ ಜೊತೆ ಏಗಾಕೆ ನನ್ನ ಕೈಲಾಗಲ್ರಿ!" ಸುಧಾ ಫೈಲನ್ನು ಪಟ್ಟನೆ ಮುಚ್ಚಿದಳು.

ಪಾಲಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಿರಬಿರನೆ ಹೊರಟ. ಬಾಗಿಲಾಚೆ, ಇಳಿಯುವ ಮೆಟ್ಟಿಲ ತುದಿಯಲ್ಲಿ ನಿಂತ. ಮಸುಕುಗಣ್ಣು ಕಿರಿದು ಮಾಡಿ, ಪಾದದಿಂದ ಅಂಚು ತಡವುತ್ತ, ಯಾರೂ ಇಲ್ಲದ ಪಕ್ಕಕ್ಕೆ ಕೈ ಚಾಚಿದ.

"ಗಣೇಶಾ, ಹಿಡ್ಕಳೋ."